ಸನ್ ಕೊನ್ಯೂರ್‌ಗೆ ಮನ್ಯಾಗ ಬ್ರೆಡ್: ಓವನ್ ಇಲ್ಲ, ಹಕ್ಕಿ ಕಾಳು ಬಿಟ್ಟು ಏನೂ ಮುಟ್ಟಲ್ಲ

ಗಜ್ಜರಿ_ಗೂಡು, ಕಲಬುರಗಿ

ಸನ್ ಕೊನ್ಯೂರ್ (ಹಳದಿ-ಕೇಸರಿ ಬಣ್ಣದ ಸಣ್ಣ ಗಿಳಿ) ಅದ, ಎರಡು ವರ್ಷದ್ದು, ತೂಕ 112 ಗ್ರಾಂ. ಸೂರ್ಯಕಾಂತಿ, ಕುಸುಬಿ ಬಿಟ್ಟು ಬೇರೆ ಯಾವುದಕ್ಕೂ ಬಾಯಿ ಹಾಕಲ್ಲ. ಪೆಲೆಟ್ (ಅಂಗಡ್ಯಾಗ ಸಿಗೋ ಹಕ್ಕಿ ಆಹಾರದ ಗುಳಿಗಿ) ಇಟ್ರ ಒಂದೊಂದೇ ಎತ್ತಿ ನೀರಿನ ಬಟ್ಟಲದಾಗ ಬಿಡ್ತದ. ಗಜ್ಜರಿ, ಮೆಂತೆ ಪಲ್ಲೆ ಹೆಚ್ಚಿ ಕೊಟ್ರ ಪಂಜರದ ಹೊರಗ ಒಗೀತದ. ಅದಕ್ಕ ಎಲ್ಲಾ ಕೂಡಿಸಿ ಬ್ರೆಡ್ ಹಂಗ ಬೇಯಿಸಿ ಕೊಡೋ ವಿಚಾರ ಅದ.

ತೊಂದರಿ ಏನಂದ್ರ, ಮನ್ಯಾಗ ಓವನ್ ಇಲ್ಲ, ಗ್ಯಾಸ್ ಒಲಿ ಅಷ್ಟೇ. ಜೋಳದ ಹಿಟ್ಟಿನಾಗ ಮಾಡಿದ್ರ ಮ್ಯಾಲೆ ಬಿರುಸು, ನಡುವ ಹಸಿ, ಕೊಯ್ಯಾಕ ಹೋದ್ರ ಪುಡಿಪುಡಿ. ಮೈದಾ ಹಾಕೋ ಮನಸಿಲ್ಲ. ಇಲ್ಲಿ ಏಪ್ರಿಲ್-ಮೇದಾಗ 42 ಡಿಗ್ರಿ ದಾಟ್ತದ, ಮುಂಜಾನಿ ಮಾಡಿದ್ದು ಸಂಜಿಗಿ ವಾಸನಿ ಹೊಡೀತದ. ಅಳತಿ ಸಮೇತ ಯಾರಾದ್ರೂ ಹೇಳ್ರಿ.

ಶಹಾಬಾದಿ_ಕಲ್ಲು

ಜೋಳ ಉದುರೋದು ಸಹಜ. ಅದ್ರಾಗ ಗೋಧಿ ಹಂಗ ಅಂಟು ಇಲ್ಲ. ರೊಟ್ಟಿ ಬಡಿಯಾಕ ಹಿಟ್ಟಿಗಿ ಎಸರು ಯಾಕ ಹೊಯ್ತಾರ? ಕುದಿಯೋ ನೀರಿಗಿ ಪಿಷ್ಟ ಅಂಟಾಗಿ ಹಿಟ್ಟು ಹಿಡಕೋತದ. ಬ್ರೆಡ್‌ಗೂ ಅದೇ ಕೆಲಸ ಮಾಡ್ರಿ, ಮೈದಾ ಬೇಕಾಗಲ್ಲ.

ಅಳತಿ: ಜೋಳದ ಹಿಟ್ಟು 100 ಗ್ರಾಂ, ಸಾಣಿಸದ ಗೋಧಿ ಹಿಟ್ಟು 60 ಗ್ರಾಂ, ನವಣಿ ಹಿಟ್ಟು 40 ಗ್ರಾಂ. ಕುದಿಸಿ ನುರಿದ ಗೆಣಸು ಇಲ್ಲಾ ಕೆಂಪು ಕುಂಬಳಕಾಯಿ 150 ಗ್ರಾಂ. ಉಪ್ಪಿಲ್ದ ಬೇಯಿಸಿ ನೀರು ಬಸಿದ ತೊಗರಿ ಬ್ಯಾಳಿ 80 ಗ್ರಾಂ. ತುರಿದ ಗಜ್ಜರಿ 50 ಗ್ರಾಂ, ಸಣ್ಣಗ ಹೆಚ್ಚಿದ ನುಗ್ಗಿ ಸೊಪ್ಪು ಒಂದು ಹಿಡಿ. ತತ್ತಿ ಎರಡು. ಬೇಕಿಂಗ್ ಪೌಡರ್ ಚಹಾ ಚಮಚದಾಗ ಸಪಾಟಾಗಿ ಒಂದು. ಬರೀ ಸೋಡಾ ಹಾಕಬ್ಯಾಡ್ರಿ. ಹುಳಿ ಏನೂ ಇಲ್ದ ಹಿಟ್ಟಿನಾಗ ಅದು ಸಾಬೂನಿನ ರುಚಿ ಬಿಡ್ತದ, ಸೋಡಿಯಂ ಸಹ ಹೆಚ್ಚು. ಉಪ್ಪು, ಬೆಲ್ಲ, ಸಕ್ರಿ ಯಾವುದೂ ಬ್ಯಾಡ.

ಮೊದಲು ಜೋಳದ ಹಿಟ್ಟಿಗಿ 100 ಮಿಲಿ ಕುದಿಯೋ ನೀರು ಹೊಯ್ದು ಚಮಚಲಿಂದ ಕಲಸಿ ಮುಚ್ಚಿ ಇಡ್ರಿ. ಕೈಗಿ ಬೆಚ್ಚಗ ಹತ್ತುವಷ್ಟು ಆರಿದ ಮ್ಯಾಲೇ ತತ್ತಿ ಹಾಕ್ರಿ. ಸುಡೋ ಹಿಟ್ಟಿಗಿ ಹಾಕಿದ್ರ ತತ್ತಿ ಅಲ್ಲೇ ಬೆಂದು ಗಂಟಾಗ್ತದ, ಮುಂದ ಏನೂ ಹಿಡಿಯಲ್ಲ. ಉಳಿದದ್ದೆಲ್ಲಾ ಕೂಡಿಸಿ 15 ನಿಮಿಷ ಬಿಡ್ರಿ, ನವಣಿ ನೀರು ಕುಡೀತದ. ಬೇಕಿಂಗ್ ಪೌಡರ್ ಕಡೀಕ. ಹದ ಹ್ಯಾಂಗಿರಬೇಕಂದ್ರ, ಚಮಚ ಬಗ್ಗಿಸಿದ್ರ ಹಿಟ್ಟು ಹರೀಬಾರ್ದು, ಒಂದೇ ಮುದ್ದಿಯಾಗಿ ಬೀಳಬೇಕು. ಗೆಣಸಿನ ನೀರು ಒಂದೊಂದು ಸಲ ಒಂದೊಂದು ಥರ ಇರ್ತದ, ಗಟ್ಟಿ ಆದ್ರ ಒಂದೆರಡು ಚಮಚ ನೀರು ಸೇರಿಸ್ರಿ.

ಇಷ್ಟು ಹಿಟ್ಟು 18 ಸೆಂಟಿಮೀಟರ್ ಅಗಲದ ಸ್ಟೀಲ್ ಡಬ್ಬಿದಾಗ ಸುಮಾರು ಎರಡೂವರೆ ಸೆಂಟಿಮೀಟರ್ ಎತ್ತರ ಕೂಡ್ತದ. ಅದಕ್ಕಿಂತ ದಪ್ಪ ಬ್ಯಾಡ. ನಿಮಗ ನಡುವ ಹಸಿ ಉಳಿಯೋದಕ್ಕ ದಪ್ಪ ಒಂದು ಕಾರಣ, ಉರಿ ಇನ್ನೊಂದು.

ಈಗ ಒಲಿ. ಬಹಳ ಮಂದಿ ಕುಕ್ಕರ್‌ನ ರಬ್ಬರ್ ರಿಂಗ್, ಸೀಟಿ ತೆಗೆದು ನೀರಿಲ್ದ ಕಾಯಿಸ್ತಾರ. ನಾ ಅಂತೂ ಬ್ಯಾಡ ಅಂತೀನಿ. ಒಣ ಉರಿಗಿ ಸೇಫ್ಟಿ ವಾಲ್ವ್ ಹಾಳಾಗಬಹುದು, ಆಮ್ಯಾಲೆ ಅದೇ ಕುಕ್ಕರ್‌ದಾಗ ಅನ್ನಕ್ಕಿಡೋದು ಅಪಾಯ. ದಪ್ಪ ತಳದ ಹಳೇ ಬೋಗುಣಿ ತಗೋರಿ. ತಳದಾಗ ಎರಡು ಸೆಂಟಿಮೀಟರ್ ತೊಳೆದು ಒಣಗಿಸಿದ ಉಸುಕು, ಅದರ ಮ್ಯಾಲೆ ಒಂದು ಸಣ್ಣ ಸ್ಟ್ಯಾಂಡ್. ಬಿಗಿ ಕೂಡೋ ಮುಚ್ಚಳ ಹಾಕಿ ನಡು ಉರಿದಾಗ 10 ನಿಮಿಷ ಕಾಯಿಸ್ರಿ. ಎಣ್ಣಿ ಸವರಿದ ಡಬ್ಬಿ ಒಳಗಿಟ್ಟು ಮುಚ್ಚಿ, ಮುಚ್ಚಳದ ಮ್ಯಾಲೆ ಭಾರ ಇಡ್ರಿ. ಉರಿ ಪೂರ್ತಿ ಸಣ್ಣ, 50 ನಿಮಿಷ. ಮೊದಲ 35 ನಿಮಿಷ ಮುಚ್ಚಳ ತೆಗೀಬಾರ್ದು. ಚಾಕು ಚುಚ್ಚಿದ್ರ ಒಣಗಿ ಬರಬೇಕು. ಆರದೆ ಕೊಯ್ಯಬ್ಯಾಡ್ರಿ, ಬಿಸಿ ಇದ್ದಾಗ ಜೋಳ ಹ್ಯಾಂಗ್ ಮಾಡಿದ್ರೂ ಉದುರ್ತದ. ಎರಡು ತಾಸು ಬಿಟ್ಟು ಕೊಯ್ರಿ.

ಓಟಿಜಿ (ಕರೆಂಟಿನ ಸಣ್ಣ ಓವನ್) ಇದ್ದವರಿಗಿ: 175 ಡಿಗ್ರಿ, 30ರಿಂದ 35 ನಿಮಿಷ.

ಮ್ಯಾಲೆ ಒಂದು ಚಮಚ ಕುಸುಬಿ ಉದುರಿಸಿ ಒತ್ತಿದ್ರ ಹಕ್ಕಿ ಮೊದಲು ಬಾಯಿ ಹಾಕ್ತದ.

ಬೀದರ್_ಹಕ್ಕಿಗೂಡು

ಅಳತೆ ಸರಿಯಾಗಿದೆ. ಕೊನೆಯ ಸಾಲು ಮಾತ್ರ ಒಪ್ಪಲಾರೆ. ಕಾಳು ಮೇಲೆ ಕಾಣುವಂತಿದ್ದರೆ ಕೊನ್ಯೂರ್ ಕಾಳನ್ನಷ್ಟೇ ಕಿತ್ತು ತಿಂದು ಬ್ರೆಡ್ ಕೆಳಗೆ ಹಾಕುತ್ತದೆ, ಆರಿಸಿ ತಿನ್ನುವ ಚಟ ಇನ್ನೂ ಬಲಿಯುತ್ತದೆ. ಅದೇ ಒಂದು ಚಮಚ ಕುಸುಬಿಯನ್ನು ಸಿಪ್ಪೆ ಸಮೇತ ಮಿಕ್ಸಿಯಲ್ಲಿ ತರಿತರಿ ಮಾಡಿ ಹಿಟ್ಟಿಗೇ ಸೇರಿಸಿ. ವಾಸನೆ, ರುಚಿ ಸಿಗುತ್ತದೆ, ಆದರೆ ಬೇರ್ಪಡಿಸಲು ಬರುವುದಿಲ್ಲ.

ನಮ್ಮ ಕಡೆ ಕುಸುಬಿ ಕೊಟ್ಟರೆ ಕೊಬ್ಬು ಕಡಿಮೆ ಎಂಬ ನಂಬಿಕೆ ಇದೆ. ಸಿಪ್ಪೆ ಸುಲಿದ ಸೂರ್ಯಕಾಂತಿಯಲ್ಲಿ ಸುಮಾರು ಅರ್ಧದಷ್ಟು ಕೊಬ್ಬಿದ್ದರೆ, ಕುಸುಬಿಯಲ್ಲಿ ಶೇ 38ರ ಆಸುಪಾಸು. ಎರಡರಲ್ಲೂ ವಿಟಮಿನ್ ಎ ಇಲ್ಲವೆನ್ನುವಷ್ಟು ಕಡಿಮೆ, ಕ್ಯಾಲ್ಸಿಯಂ ಸಾಲದು. ಬರೀ ಕಾಳಿನ ಮೇಲಿರುವ ಗಿಳಿಗಳಿಗೆ ಮೂಗು ಕಟ್ಟುವುದು, ಬಾಯೊಳಗೆ ಬಿಳಿ ಗುಳ್ಳೆ ಏಳುವುದು, ಯಕೃತ್ತಿನಲ್ಲಿ ಕೊಬ್ಬು ತುಂಬುವುದು ಇದರಿಂದಲೇ. ಗೆಣಸು, ಗಜ್ಜರಿ, ಕುಂಬಳ ಹಾಕುವುದು ವಿಟಮಿನ್ ಎ ಸಲುವಾಗಿ, ಅದನ್ನು ಬಿಟ್ಟು ಬಾಳೆಹಣ್ಣು ಹಾಕಿದರೆ ಬ್ರೆಡ್ ಮಾಡಿದ ಉದ್ದೇಶವೇ ಹೋಯಿತು. ಮಾರುಕಟ್ಟೆಯ ವಿಟಮಿನ್ ಎ ಹನಿ ಮಾತ್ರ ಹಿಟ್ಟಿಗೆ ಹಾಕಬೇಡಿ, ಹೆಚ್ಚಾದರೆ ವಿಷ. ತರಕಾರಿಯ ಕೆರೊಟಿನ್‌ನಿಂದ ಆ ಭಯವಿಲ್ಲ, ಹಕ್ಕಿಯ ದೇಹ ತನಗೆ ಬೇಕಾದಷ್ಟನ್ನೇ ವಿಟಮಿನ್ ಮಾಡಿಕೊಳ್ಳುತ್ತದೆ.

ಕ್ಯಾಲ್ಸಿಯಂಗೆ ಅದೇ ತತ್ತಿಯ ಸಿಪ್ಪೆ ಸಾಕು. ತೊಳೆದು, 10 ನಿಮಿಷ ಕುದಿಸಿ, ಪೂರ್ತಿ ಒಣಗಿಸಿ, ನುಣ್ಣಗೆ ಪುಡಿ ಮಾಡಿ, ಜರಡಿ ಹಿಡಿದು, ಈ ಅಳತೆಗೆ ಚಹಾ ಚಮಚದಲ್ಲಿ ಸಪಾಟಾಗಿ ಒಂದು. ಸೊಪ್ಪಿಗೆ ಪಾಲಕ್ ಹೇಳದೆ ನುಗ್ಗೆ ಹೇಳಿದ್ದು ಸರಿ. ಪಾಲಕ್‌ನ ಆಕ್ಸಲೇಟ್ ಎಂಬ ಅಂಶ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ.

ಇನ್ನು ಎಲ್ಲಕ್ಕಿಂತ ಮುಖ್ಯ: ನಾನ್‌ಸ್ಟಿಕ್ ಪಾತ್ರೆ ಮುಟ್ಟಬೇಡಿ. ಆ ಲೇಪನ ಅತಿಯಾಗಿ ಕಾದಾಗ ಬರುವ ಹೊಗೆಗೆ ನಮಗೆ ಕೆಮ್ಮು ಬಂದರೆ ಹಕ್ಕಿ ನಿಮಿಷಗಳಲ್ಲಿ ಸಾಯಬಹುದು. ಹೊಗೆ ಕಣ್ಣಿಗೆ ಕಾಣಲೇಬೇಕೆಂದೂ ಇಲ್ಲ. ಬೋಗುಣಿಯಲ್ಲಿ ಖಾಲಿ ಕಾಯಿಸುವ ಈ ವಿಧಾನಕ್ಕಂತೂ ನಾನ್‌ಸ್ಟಿಕ್ ಡಬ್ಬಿ ಖಂಡಿತ ಕೂಡದು. ಏರ್ ಫ್ರೈಯರ್ ಬುಟ್ಟಿಗಳಿಗೂ ಹೆಚ್ಚಾಗಿ ಅದೇ ಲೇಪನ ಇರುತ್ತದೆ. ಸ್ಟೀಲ್, ಕಬ್ಬಿಣ, ಓವನ್ ಕಾವು ತಡೆಯುವ ಗಾಜು, ಈ ಮೂರರಲ್ಲಿ ಯಾವುದಾದರೂ ಸರಿ. ಪಂಜರ ಅಡುಗೆಮನೆಯಲ್ಲಿದ್ದರೆ ಬೇರೆ ಕೋಣೆಗೆ ಸರಿಸಿ.

ಸೇರಿಸಬಾರದ್ದು: ಉಳ್ಳಾಗಡ್ಡಿ, ಬಳ್ಳೊಳ್ಳಿ, ಚಾಕೊಲೇಟ್, ಚಹಾ-ಕಾಫಿ, ಬೆಣ್ಣೆಹಣ್ಣು ಅಂದರೆ ಅವಕಾಡೊ, ಸೇಬಿನ ಬೀಜ. ಹಾಲು ಬೇಡ, ಹಕ್ಕಿಗೆ ಜೀರ್ಣವಾಗುವುದಿಲ್ಲ. ಬೇಳೆ-ಕಾಳು ಅರೆಬೆಂದದ್ದು ಬೇಡ, ಅದರಲ್ಲೂ ರಾಜ್ಮಾ. ಶೇಂಗಾ ಮತ್ತು ಮೆಕ್ಕೆಜೋಳದ ಹಿಟ್ಟು ಹಾಕುವವರು ಬೂಸಲು ವಾಸನೆ ನೋಡಿ ಹಾಕಿ. ಬೂಸಲಿನ ಅಫ್ಲಾಟಾಕ್ಸಿನ್ ಎಂಬ ವಿಷ ಬೇಯಿಸಿದರೆ ಹೋಗುವುದಿಲ್ಲ, ಯಕೃತ್ತನ್ನೇ ಹಿಡಿಯುತ್ತದೆ.

ಹಂಚಿನ_ರೊಟ್ಟಿ, ಯಾದಗಿರಿ

ಅಣ್ಣಾರ, ಬ್ರೆಡ್ ಬ್ಯಾಸಿಗಿಗಿ ನಡಿಯಲ್ಲ. ತತ್ತಿ, ಗೆಣಸು ಎರಡೂ ಕೂಡಿ ಒಳಗ ಹಸಿ ಉಳಿಯೋ ಪದಾರ್ಥ ಅದು, 42 ಡಿಗ್ರಿದಾಗ ಕೆಡದೆ ಇನ್ನೇನಾಗ್ತದ? ನಮ್ಮ ಕಡಿ ಖಡಕ್ ರೊಟ್ಟಿ ಇರೋವಾಗ ಡಬ್ಬಿ, ಉಸುಕು ಯಾಕ ಬೇಕ್ರಿ? ಹಕ್ಕಿಗಿ ಬೇಕಾಗಿದ್ದು ಕಟುಮ್ ಅಂತ ಕಡಿಯಾಕ. ಕಾಳು ಒಡೆಯೋ ಚಟ ಇದ್ದ ಹಕ್ಕಿ ಮೆತ್ತಗಿನ ಬ್ರೆಡ್ ಬೆರಳಿಗಿ ಹತ್ತಿದ್ರ ಒಗೀತದ, ಖಡಕ್ ಇದ್ರ ಹಿಡಕೊಂಡು ಕಡೀತದ.

ಸಜ್ಜಿ ಹಿಟ್ಟು 100 ಗ್ರಾಂ, ಪುಟಾಣಿ ಹಿಟ್ಟು 25 ಗ್ರಾಂ, ಕುದಿಸಿ ರುಬ್ಬಿದ ಗಜ್ಜರಿ ಇಲ್ಲಾ ಕುಂಬಳಕಾಯಿ 60 ಗ್ರಾಂ, ಒಣಗಿಸಿದ ನುಗ್ಗಿ ಸೊಪ್ಪಿನ ಪುಡಿ ಒಂದು ಚಮಚ, ಬಿಳಿ ಎಳ್ಳು ಒಂದು ಚಮಚ. ಎಸರು 50-60 ಮಿಲಿ, ಜರಾ ಜರಾ ಹೊಯ್ಕೊಂತ ನಾದ್ರಿ. ಆರು ಉಂಡಿ ಆಗ್ತಾವ, ಒಂದೊಂದು 40 ಗ್ರಾಂ. ಬಟ್ಟಲ ತಾಟಿನಷ್ಟು ಅಗಲ, ಎರಡು ಮಿಲಿಮೀಟರ್ ತೆಳ್ಳಗ ಬಡಿರಿ. ತರಕಾರಿ ಇರೋದ್ರಿಂದ ಅಂಚು ಸೀಳ್ತದ, ಸೀಳಲಿ ಬಿಡ್ರಿ, ಹಕ್ಕಿಗಿ ಅಂದ-ಚಂದ ಬೇಕಾಗಿಲ್ಲ.

ಕಬ್ಬಿಣದ ಹಂಚಿನ ಮ್ಯಾಲೆ ಹಾಕಿ, ಮ್ಯಾಲ್ಮೈಗಿ ಒದ್ದಿ ಅರಿವಿ ಸವರಿ, ನೀರು ಆರಿದ ಮ್ಯಾಲೆ ತಿರುವಿ ಹಾಕ್ರಿ. ಎರಡೂ ಮೈ ಬೆಂದ ಮ್ಯಾಲೆ ಉರಿ ಪೂರ್ತಿ ಸಣ್ಣ ಮಾಡಿ ಹಂಚಿನ ಅಂಚಿಗಿ ಆನಿಸಿ ನಿಲ್ಲಸ್ರಿ. ಒಂದೊಂದು ರೊಟ್ಟಿಗಿ 15-20 ನಿಮಿಷ ಹಿಡೀತದ, ತಿರುವ್ಕೊಂತ ಇರಬೇಕು. ಮುರಿದ್ರ ಟಕ್ ಅಂತ ಸಪ್ಪಳ ಬರಬೇಕು. ಬಾಗಿದ್ರ ಒಳಗ ಇನ್ನಾ ನೀರದ, ಅಂಥಾದ್ದು ಡಬ್ಬಿದಾಗಿಟ್ರ ಮೂರನೇ ದಿನಕ್ಕ ಬೂಸಲು. ಸರಿಯಾಗಿ ಖಡಕ್ ಆಗಿದ್ದು ಸ್ಟೀಲ್ ಡಬ್ಬಿದಾಗ ಬ್ಯಾಸಿಗಿಗಿ ಒಂದು ವಾರ ತಡೀತದ. ಮಳಿಗಾಲಕ್ಕ ಮೂರು ದಿನ ಹಿಡೀರಿ, ಮೆತ್ತಗಾದ್ರ ಹೊಳ್ಳಿ ಹಂಚಿಗಿ ತೋರಿಸ್ರಿ.

ಒಂದು ಮಾತು, ಸಜ್ಜಿ ಹಿಟ್ಟು ಗಿರಣ್ಯಾಗ ಬೀಸಿಸಿ ತಂದ ಎರಡು-ಮೂರು ದಿನದೊಳಗ ಬಳಸ್ರಿ. ಅದ್ರಾಗಿನ ಎಣ್ಣಿ ಲಗು ಕೆಟ್ಟು ಹಿಟ್ಟು ಕಹಿ ಆಗ್ತದ. ನಮ್ಮ ನಾಲಿಗಿಗಿ ಗೊತ್ತಾಗೂಕಿಂತ ಮೊದಲೇ ಹಕ್ಕಿ ಬಿಡಬಹುದು, ನಾವು ಹಕ್ಕಿಗೇ ಹಟಮಾರಿ ಅಂತೀವಿ. ಮೊದಲು ಹಿಟ್ಟು ಮೂಸಿ ನೋಡ್ರಿ.

ಇನ್ನ ಖಾರ. ಒಣ ಮೆಣಸಿನಕಾಯಿ ಕುಟ್ಟಿ ಅರ್ಧ ಚಮಚ ಹಾಕ್ರಿ, ಬೀಜ ಸಮೇತ. ಹಕ್ಕಿಗಿ ಖಾರ ಹತ್ತಲ್ಲ.

ಬೀದರ್_ಹಕ್ಕಿಗೂಡು

ಖಾರದ ಮಾತು ನಿಜ. ಮೆಣಸಿನಕಾಯಿಯ ಉರಿ ನಮ್ಮ ನಾಲಿಗೆಗೆ ತಾಗುವ ಹಾಗೆ ಹಕ್ಕಿಗಳ ನರಕ್ಕೆ ತಾಗುವುದಿಲ್ಲ. ಕೆಂಪು ಬಣ್ಣ ಗಿಳಿಯನ್ನು ಸೆಳೆಯುತ್ತದೆ, ಜೊತೆಗೆ ಕೆರೊಟಿನ್. ಆದರೆ ಬರೀ ಮೆಣಸಿನಕಾಯಿ ಮಾತ್ರ. ಮನೆಯ ಮಸಾಲಿ ಖಾರ ಹಾಕಬೇಡಿ, ಅದರಲ್ಲಿ ಉಪ್ಪು, ಬಳ್ಳೊಳ್ಳಿ, ಉಳ್ಳಾಗಡ್ಡಿ ಮೂರೂ ಇರುತ್ತವೆ.

ಖಡಕ್ ರೊಟ್ಟಿ ಒಳ್ಳೆಯ ದಾರಿ. ತತ್ತಿ ಇಲ್ಲದ್ದರಿಂದ ಪ್ರೋಟೀನ್ ಸ್ವಲ್ಪ ಇಳಿಯುತ್ತದೆ, ಹಾಗಾಗಿ ಪುಟಾಣಿ ಹಿಟ್ಟು ಕಡಿಮೆ ಮಾಡಬೇಡಿ. ಅಂಗಡಿಯ ಉಪ್ಪು ಹಾಕಿದ ಖಡಕ್ ರೊಟ್ಟಿ ಕೊಡಬಾರದು.

ಬ್ರೆಡ್ ಬೇಕೇ ಬೇಕು ಎನ್ನುವವರು ಅದನ್ನೇ ಎರಡನೇ ಸಲ ಒಣಗಿಸಬಹುದು. ಒಂದು ಸೆಂಟಿಮೀಟರ್ ದಪ್ಪ ಹೋಳು ಮಾಡಿ ಹಂಚಿನ ಮೇಲೆ ಅತಿ ಸಣ್ಣ ಉರಿಯಲ್ಲಿ, ಓಟಿಜಿಯಾದರೆ 120 ಡಿಗ್ರಿಯಲ್ಲಿ 40 ನಿಮಿಷ. ಕಲಬುರಗಿ ಬಿಸಿಲಲ್ಲಿ ಒಣಗಿಸಿದರಾಯಿತು ಎಂದು ಹಸಿ ಬ್ರೆಡ್ಡನ್ನೇ ಮಾಳಿಗೆ ಮೇಲೆ ಹರವಬೇಡಿ. ನೊಣ ಕೂಡುತ್ತದೆ, ಮೇಲೆ ಒಣಗಿ ಒಳಗೆ ಹುಳಿಯುತ್ತದೆ.

ಮೆತ್ತಗಿನ ಬ್ರೆಡ್ ಬಟ್ಟಲಲ್ಲಿ ಬೇಸಿಗೆಗೆ ಒಂದು ತಾಸು, ಚಳಿಗಾಲಕ್ಕೆ ಎರಡು ತಾಸು, ಅಷ್ಟರೊಳಗೆ ತೆಗೆಯಬೇಕು. ಫ್ರಿಜ್ಜಿನಲ್ಲಿ ಎರಡು ದಿನ. ಉಳಿದದ್ದು ತುಂಡು ಮಾಡಿ, ತಾಟಿನಲ್ಲಿ ಬಿಡಿಬಿಡಿಯಾಗಿ ಫ್ರೀಜರಿನಲ್ಲಿ ಗಟ್ಟಿ ಮಾಡಿ, ಆಮೇಲೆ ಡಬ್ಬಿಗೆ ತುಂಬಿದರೆ ಒಂದಕ್ಕೊಂದು ಅಂಟುವುದಿಲ್ಲ. ಕರೆಂಟ್ ಹೋಗಿ ಮೆತ್ತಗಾದದ್ದನ್ನು ಮತ್ತೆ ಗಟ್ಟಿ ಮಾಡಿ ಇಡಬೇಡಿ, ಚೆಲ್ಲಿ.

ಗಜ್ಜರಿ_ಗೂಡು, ಕಲಬುರಗಿ

ಎಲ್ಲಾರಿಗೂ ಧನ್ಯವಾದ ರೀ. ಖಡಕ್ ರೊಟ್ಟಿ ಮಾಡಿದೆ, ಹಂಚಿನ_ರೊಟ್ಟಿ ಅಕ್ಕಾರು ಹೇಳಿದಂಗ ಟಕ್ ಅಂತ ಮುರೀತದ. ಹಕ್ಕಿ ಕಾಲಾಗ ಹಿಡಕೊಂಡು ಕಡೀತದ ಖರೆ, ಆದ್ರ ತಿನ್ನಲ್ಲ. ಎಲ್ಲಾ ಚೂರು ಮಾಡಿ ಕೆಳಗ ಕೆಡವ್ತದ. ಕಾಳು ಪೂರ್ತಿ ಬಂದ್ ಮಾಡಿ ಹಸಿವು ಮಾಡಿಸಿದ್ರ ತಿಂತದ ಏನು?

ಶಹಾಬಾದಿ_ಕಲ್ಲು

ಬಂದ್ ಮಾಡಬ್ಯಾಡ್ರಿ! ಇಷ್ಟು ಸಣ್ಣ ಹಕ್ಕಿ ಒಂದು ದಿನ ಪೂರ್ತಿ ಉಪವಾಸ ತಡಿಯಲ್ಲ. ತನಗ ಪರಿಚಯ ಇಲ್ಲದ್ದು ಎದುರಿಗಿದ್ರೂ ಅದನ್ನ ತಿನ್ನೋ ಪದಾರ್ಥ ಅಂತ ತಿಳೀದೆ ಹಸಿದು ಕೂಡ್ತದ.

ಕಡಿಯಾಕ ಹತ್ತ್ಯದ ಅಂದ್ರ ಅರ್ಧ ಕೆಲಸ ಆಗ್ಯದ. ಮುಂದ ಹಿಂಗ ಮಾಡ್ರಿ. ರೊಟ್ಟಿ ಕುಟ್ಟಿ ಪುಡಿ ಮಾಡ್ರಿ. ಮೂರು ಚಮಚ ಕಾಳಿಗಿ ನಾಲ್ಕೈದು ಹನಿ ನೀರು ಚಿಮುಕಿಸಿ ಒಂದು ಚಮಚ ಪುಡಿ ಹಾಕಿ ಅಲುಗಾಡಿಸ್ರಿ, ಪುಡಿ ಕಾಳಿಗಿ ಹತ್ತಿಕೋಬೇಕು. ಒಣ ಪುಡಿ ಹಾಕಿದ್ರ ತಳಕ್ಕ ಕೂಡ್ತದ, ಹಕ್ಕಿ ಮ್ಯಾಲಿಂದ ಕಾಳು ಆರಿಸ್ಕೊಂಡು ಹೋಗ್ತದ. ಸಿಪ್ಪಿ ಬಿಡಸೂವಾಗ ನಾಲಿಗಿಗಿ ರುಚಿ ಹತ್ತೇ ಹತ್ತಬೇಕು, ಅದೇ ಯುಕ್ತಿ. ಒಂದು ವಾರದ ಮ್ಯಾಲೆ ಎರಡಕ್ಕ ಎರಡು. ಅದಾದ ಮ್ಯಾಲೆ ಮುಂಜಾನಿ ರೊಟ್ಟಿ ತುಂಡಷ್ಟೇ, ಕಾಳು ಒಂದೆರಡು ತಾಸು ತಡದು. ರಾತ್ರಿ ಕಾಳಿನ ಬಟ್ಟಲ ತೆಗೆದಿಟ್ಟಿದ್ರ ನಸಿಕಿನಾಗ ತಾನೇ ಹಸಿವು ಇರ್ತದ, ಅಷ್ಟು ಹಸಿವು ಸಾಕು.

ಇಡೋ ಜಾಗನೂ ನೋಡ್ರಿ. ತಳದ ಬಟ್ಟಲ ಬ್ಯಾಡ. ಎಲ್ಲಾಕ್ಕಿಂತ ಮ್ಯಾಲಿನ ಕೋಲಿನ ಹತ್ರ ಕ್ಲಿಪ್ಪಿನಾಗ ಸಿಗಸ್ರಿ. ಅದರ ಎದುರಿಗಿ ಕೂತು ಅದೇ ರೊಟ್ಟಿ ನೀವೂ ಕಡೀರಿ, ಉಪ್ಪಿಲ್ದ ತಿನ್ನೋದು ಜರಾ ಕಷ್ಟ ಅಷ್ಟೇ. ಗಿಳಿ ಜಾತಿ ಗುಂಪು ಕೂಡಿ ಉಣ್ಣೋದು, ನೀವು ಉಂಡದ್ದು ನೋಡಿ ಅದಕ್ಕ ಧೈರ್ಯ ಬರ್ತದ.

ಒಂದು ಗ್ರಾಂ ತೋರಿಸೋ ಅಡಗಿ ತಕ್ಕಡಿ ಇಟ್ಕೋರಿ. ದಿನಾ ಮುಂಜಾನಿ, ಮೊದಲ ಹಿಕ್ಕಿ ಹಾಕಿದ ಮ್ಯಾಲೆ, ಉಣ್ಣೂಕಿಂತ ಮೊದಲು ತೂಗ್ರಿ. 112 ಇದ್ದದ್ದು 109-110 ಆದ್ರ ಅಂಜಬ್ಯಾಡ್ರಿ. 106ಕ್ಕ ಇಳಿದ್ರ ಅವತ್ತು ಹಳೇ ಕಾಳು ಪೂರ್ತಿ ಕೊಡ್ರಿ, ಪುಡಿ ಕಮ್ಮಿ ಮಾಡಿ ಮತ್ತ ಮೊದಲಿಂದ. ಹತ್ತಕ್ಕ ಒಂದು ಪಾಲು, ಅಂದ್ರ 101ರ ಹತ್ರ ಬಂತಂದ್ರ ಡಾಕ್ಟರ್ ಕಡಿ ಹೋಗಬೇಕು.

ಬೀದರ್_ಹಕ್ಕಿಗೂಡು

ತೂಕದ ಜೊತೆಗೆ ಹಿಕ್ಕೆಯನ್ನೂ ನೋಡಿ. ಗಜ್ಜರಿ, ಮೆಣಸಿನಕಾಯಿ ತಿಂದ ದಿನ ಕೇಸರಿ ಬಣ್ಣ ಬಂದರೆ ತೊಂದರೆ ಇಲ್ಲ. ಸಂಖ್ಯೆ ಕಡಿಮೆಯಾಗಿ, ತೆಳ್ಳಗೆ ಕಡು ಹಸಿರಾಗಿ ಬಂದರೆ ಹೊಟ್ಟೆಗೆ ಏನೂ ಹೋಗುತ್ತಿಲ್ಲ ಎಂದರ್ಥ. ಕೆಳಗೆ ಬಿದ್ದ ಚೂರು ತೂಗಿದರೆ ಎಷ್ಟು ತಿಂದಿತು ಅನ್ನುವುದೂ ತಿಳಿಯುತ್ತದೆ. ಡಾಕ್ಟರ್ ಬೇಕಾದಾಗ ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕಾಲೇಜು ನಿಮಗೆ ದೂರವಲ್ಲ. ಹೋಗುವಾಗ ಪಂಜರದ ತಳದ ಕಾಗದ ಹಾಗೇ ಒಯ್ಯಿರಿ, ಬದಲಿಸಬೇಡಿ.

ರೊಟ್ಟಿ ಹಿಡಿಸಿದ ಮೇಲೆ ಅದರಿಂದಲೇ ಪೆಲೆಟ್ ಕಲಿಸಬಹುದು. ಸಜ್ಜೆ ಹಿಟ್ಟಿನಲ್ಲಿ 30 ಗ್ರಾಂ ತೆಗೆದು ಅಷ್ಟೇ ಪೆಲೆಟ್ ಪುಡಿ ಹಾಕಿ. ಬೆಂದಾಗ ಅದರ ವಿಟಮಿನ್ ಒಂದಿಷ್ಟು ಹೋಗುತ್ತದೆ, ಹೋಗಲಿ, ಇಲ್ಲಿ ಬೇಕಾದದ್ದು ರುಚಿಯ ಪರಿಚಯ. ರೊಟ್ಟಿಯಾಗಲಿ ಬ್ರೆಡ್ಡಾಗಲಿ ಪೂರ್ಣ ಆಹಾರವಲ್ಲ. ಮೆತ್ತಗಿನ ಬ್ರೆಡ್ ದಿನಕ್ಕೆ 8-10 ಗ್ರಾಂ, ಅರ್ಧ ಕಡ್ಡಿಪೆಟ್ಟಿಗೆಯಷ್ಟು. ಖಡಕ್ ರೊಟ್ಟಿಯಲ್ಲಿ ನೀರಿಲ್ಲದ್ದರಿಂದ 4-5 ಗ್ರಾಂ ಸಾಕು.

ಓದುವ ಬೇರೆಯವರಿಗೆ ಒಂದು ಮಾತು: ನಮ್ಮ ಹೊಲದ ಹಸಿರು ಗಿಳಿಯನ್ನು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಸನ್ ಕೊನ್ಯೂರ್ ಸಾಕಬಹುದು, ಆದರೆ ಅದು ಸೈಟಿಸ್ (ವನ್ಯಜೀವಿ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯ ಹಕ್ಕಿ, 2024ರ ನಿಯಮದ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು.

ಗಜ್ಜರಿ_ಗೂಡು, ಕಲಬುರಗಿ

ನೋಂದಣಿ ಆಗ್ಯದ ಸರ. ಕಡೀ ಪ್ರಶ್ನೆ: ರೊಟ್ಟಿಗಿ ತತ್ತಿ ಸಿಪ್ಪಿ ಪುಡಿ ಎಷ್ಟು? ಮತ್ತ ಸಜ್ಜಿ ಬದಲಿ ಜೋಳ ಹಾಕಿದ್ರ ನಡೀತದೇನು?

ಹಂಚಿನ_ರೊಟ್ಟಿ, ಯಾದಗಿರಿ

ಆರು ರೊಟ್ಟಿಗಿ ಅರ್ಧ ಚಹಾ ಚಮಚ, ಹೆಚ್ಚು ಬ್ಯಾಡ. ನುಣ್ಣಗಿಲ್ಲಂದ್ರ ರೊಟ್ಟಿ ಬಡಿಯೋವಾಗ ಕೈಗಿ ಚುಚ್ಚತದ, ಜರಡಿ ಹಿಡೀರಿ. ಜೋಳ ನಡೀತದ, ಎಸರು ಇನ್ನಾ 10-15 ಮಿಲಿ ಹೆಚ್ಚು ಕುಡೀತದ. ಸಜ್ಜಿಗಿಂತ ಲಗು ಖಡಕ್ ಆಗ್ತದ, ಅದಕ್ಕ ಹಂಚಿನ ಅಂಚಿಗಿ 12 ನಿಮಿಷಕ್ಕೇ ಒಮ್ಮೆ ಮುರಿದು ನೋಡ್ರಿ, ಕರ್ರಗ ಮಾಡಬ್ಯಾಡ್ರಿ.